ಹಾಲು ಬೆಳ್ಳಗಿದೆ ಅಂತ ನಂಬಬೇಡಿ

ಮೊನ್ನೆ ಮೊಮ್ಮಗಳ ನೋಟ್‌ಬುಕ್ ತೆಗೆದು ನೋಡಿದೆ. ಸಮರೂಪ ಮಿಶ್ರಣಕ್ಕೆ, ಅಂದರೆ ಬೆರೆತದ್ದು ಎಲ್ಲಾ ಕಡೆ ಒಂದೇ ಸಮ ಇರೋದಕ್ಕೆ, ಉದಾಹರಣೆ: ಉಪ್ಪುನೀರು, ಹಾಲು. ಹಾಲಂತೆ! "ಎಲ್ಲಾ ಕಡೆ ಒಂದೇ ಥರ ಬೆಳ್ಳಗಿದೆಯಲ್ಲ ಅಜ್ಜಿ" ಅಂತಾಳೆ. ದಿನಾ ಬೆಳಿಗ್ಗೆ ಲೋಟದಲ್ಲಿ ಕೆನೆ ಕಂಡರೆ ಮುಖ ಸಿಂಡರಿಸೋಳು, ಆ ಕೆನೆ ಎಲ್ಲಿತ್ತು ಅಂತ ಒಂದು ದಿನವೂ ಯೋಚಿಸಿಲ್ಲ. ಈಗಿನವರೆಲ್ಲ ಹೀಗೇ, ಅರೆಗಳಿಗೆ ಕಣ್ಣಾಡಿಸಿ ತೀರ್ಪು ಕೊಟ್ಟುಬಿಡ್ತಾರೆ.

ಸುಲಭದ್ದನ್ನ ಹೇಳ್ತಾ ಕೂರಲ್ಲ. ಸಕ್ಕರೆ ನೀರು ಸಮರೂಪ. ಹಿತ್ತಾಳೆ ತಂಬಿಗೆಯೂ ಅಷ್ಟೇ, ತಾಮ್ರ ಸತು ಎರಡಿದ್ದರೂ ಎಲ್ಲಿ ಕೆರೆದರೂ ಒಂದೇ. ಚಿತ್ರಾನ್ನ, ಮಳೆಗಾಲದ ಹಳ್ಳದ ಕೆಂಪು ನೀರು ಅಸಮರೂಪ. ಇನ್ನು ಚಿಕ್ಕಮಗಳೂರಲ್ಲಿ ಇದ್ದುಕೊಂಡು ಕಾಫಿ ಪುಡಿ ಗೊತ್ತಿಲ್ಲ ಅಂದರೆ ನಾಚಿಕೆ. ಚಿಕೋರಿ ಬೆರೆತ ಪುಡಿ ನೋಡೋಕೆ ಒಂದೇ ಬಣ್ಣ. ಒಂದು ಚಿಟಿಕೆ ತಣ್ಣೀರಿನ ಮೇಲೆ ಉದುರಿಸಿ: ಕಾಫಿ ತೇಲುತ್ತೆ, ಚಿಕೋರಿ ಬಣ್ಣ ಬಿಡ್ತಾ ಮುಳುಗುತ್ತೆ.

ತಕರಾರಿರೋದು ಹಾಲಿನಂಥವುಗಳದ್ದೇ. ಒಳಗಿನ ಸಣ್ಣ ಕಣ ತಳಕ್ಕೆ ಇಳಿಯಲ್ಲ, ಬಟ್ಟೆಯಲ್ಲಿ ಸೋಸಿದರೂ ಸಿಗಲ್ಲ. ಪುಸ್ತಕದಲ್ಲಿ ಇದಕ್ಕೆ ಕಲಿಲ ಅಂತಾರೆ, ಇದೂ ಅಸಮರೂಪವೇ. ಇದನ್ನ ಹಿಡಿಯೋಕೆ ಬೆಳಕೇ ಬೇಕು.

ಎರಡು ಗಾಜಿನ ಲೋಟ ತಗೊಳ್ಳಿ. ಸ್ಟೀಲಿನದ್ದಲ್ಲ, ಗಾಜು! ಸೋಪಿನ ಜಿಡ್ಡು ಒಂಚೂರೂ ಇರಬಾರದು. ಫಿಲ್ಟರ್ ಮಾಡಿದ ನೀರು ಹಾಕಿ, ನಲ್ಲಿ ನೀರಿನ ಧೂಳೂ ಮೋಸ ಮಾಡುತ್ತೆ. ಒಂದಕ್ಕೆ ಸಕ್ಕರೆ ಹಾಕಿ ಕಲಸಿ. ಪ್ಯಾಕೆಟ್ ಪುಡಿ ಉಪ್ಪು ಬೇಡ, ಅದು ಗಟ್ಟಿಯಾಗದಿರಲಿ ಅಂತ ಸೇರಿಸಿರೋದರಿಂದಲೇ ನೀರು ಮಸುಕಾಗುತ್ತೆ. ಇನ್ನೊಂದಕ್ಕೆ ಹಾಲು, ಒಂದು ತೊಟ್ಟು ಅಷ್ಟೇ. ಗುಳ್ಳೆ ಆಡೋದು ನಿಲ್ಲೋವರೆಗೂ ಮುಟ್ಟಬೇಡಿ. ಮೊಬೈಲ್ ಟಾರ್ಚಿಗೆ ಕಪ್ಪು ಕಾಗದ ಕಟ್ಟಿ, ದಬ್ಬಳದಲ್ಲಿ ಒಂದು ತೂತು ಮಾಡಿ. ಕಿಟಕಿ ಮುಚ್ಚಿ, ದೀಪ ಆರಿಸಿ. ಬೆಳಕನ್ನ ಒಂದು ಪಕ್ಕದಿಂದ ಬಿಡಿ, ನೀವು ಅಡ್ಡದಿಂದ ನೋಡಿ. ಎದುರು ನಿಂತು ನೋಡಿದರೆ ಕಣ್ಣು ಕೋರೈಸುತ್ತೆ ಅಷ್ಟೇ. ಸಕ್ಕರೆ ನೀರಲ್ಲಿ ಬೆಳಕಿನ ದಾರಿಯೇ ಕಾಣಲ್ಲ. ಹಾಲಿನ ಲೋಟದಲ್ಲಿ ಬೆಳಕಿನ ಕೋಲು ನಿಂತಿರುತ್ತೆ. ಇನ್ನೊಂದೆರಡು ತೊಟ್ಟು ಬಿಟ್ಟರೆ ಅಡ್ಡದಿಂದ ತುಸು ನೀಲಿ ಕೂಡ.

ನಾನು ಇದನ್ನ ಮೊದಲು ಕಂಡಿದ್ದು ಮೂಡಿಗೆರೆ ಕಡೆಯ ಅಜ್ಜಿಮನೆಯಲ್ಲಿ. ಅಡುಗೆಮನೆ ಮಾಡಿಗೆ ಒಂದು ಗಾಜಿನ ಹೆಂಚಿತ್ತು. ಒಲೆ ಹೊಗೆಯೊಳಗೆ ಬಿಸಿಲು ಓರೆಯಾಗಿ ಇಳಿದಾಗ ಕೈ ಹಾಕಿ ಹಿಡಿಯೋಕೆ ಹೋಗ್ತಿದ್ದೆ, ಅಜ್ಜಿ ಸೌಟಲ್ಲೇ ಕೊಡ್ತಿದ್ದರು. ಒಲೆ ಆರಿ ಹೊಗೆ ಹೋದರೆ ಕೋಲೂ ಮಾಯ. ಸಣ್ಣ ಕಣಗಳು ಬೆಳಕನ್ನ ಚೆದುರಿಸಿ ಹೀಗೆ ಕೋಲು ಕಾಣಿಸೋದಕ್ಕೆ ಟಿಂಡಲ್ ಪರಿಣಾಮ ಅಂತ ಹೆಸರು, 19ನೇ ಶತಮಾನದ ವಿಜ್ಞಾನಿ ಜಾನ್ ಟಿಂಡಲ್ ಹೆಸರಲ್ಲಿ, ಅಂತ ಹೈಸ್ಕೂಲಿಗೆ ಬಂದ ಮೇಲೆ ತಿಳೀತು. ಕರಗಿದ ಸಕ್ಕರೆ ಕಣ 1 ನ್ಯಾನೋಮೀಟರಿನ ಆಸುಪಾಸು, ಬೆಳಕನ್ನ ಚೆದುರಿಸೋಕೆ ಸಾಲದು. ಹಾಲಿನ ಜಿಡ್ಡಿನ ಹನಿ ಅದಕ್ಕಿಂತ ನೂರಾರು ಪಾಲು ದೊಡ್ಡದು.

ತೊಟ್ಟು ಅಂದರೆ ತೊಟ್ಟು, ಮತ್ತೆ ಹೇಳ್ತೀನಿ. ಮೊಮ್ಮಗಳು ಅರ್ಧ ಲೋಟ ಸುರಿದು "ಏನೂ ಕಾಣಲ್ಲ ಅಜ್ಜಿ" ಅಂದಳು. ಆ ನೀರುಹಾಲನ್ನ ಬೆಕ್ಕೂ ಮೂಸಲಿಲ್ಲ, ದಾಸವಾಳದ ಬುಡಕ್ಕೆ ಹೊಯ್ದೆ.