ಯುವಿಯೈಟಿಸ್ ಕಣ್ಣಿನ ಪೊರೆ: ತಾಲ್ಲೂಕು ಆಸ್ಪತ್ರೆಯಲ್ಲಿ ನನ್ನ ಅನುಭವ

“ಯುವಿಯೈಟಿಸ್ ಕಣ್ಣಿಗೆ ಇಲ್ಲಿ ಕೈ ಹಾಕಬೇಡಿ, ಬೆಂಗಳೂರಿಗೆ ಕಳಿಸಿ” ಎಂದು ನಮ್ಮ ಹಿರಿಯರೆಲ್ಲ ಹೇಳುತ್ತಿದ್ದರು. ಯುವಿಯೈಟಿಸ್ ಎಂದರೆ ಕಣ್ಣಿನೊಳಗಿನ ಉರಿಯೂತ; ಅಂಥ ಕಣ್ಣಿನಲ್ಲಿ ಬರುವ ಪೊರೆಯ ಆಪರೇಷನ್ನಿನ ಮಾತಿದು. ಕಳಿಸಿದವರಲ್ಲಿ ಅರ್ಧ ಜನ ಹೋಗುತ್ತಲೇ ಇರಲಿಲ್ಲ. ಬಸ್ಸು, ಊಟ, ಜೊತೆಗೆ ಬಂದವರ ಕೂಲಿ ಸೇರಿ ಒಂದು ಸಲಕ್ಕೆ ಮೂರು ಸಾವಿರ ಹೋಗುತ್ತಿತ್ತು. ಅದಕ್ಕೇ ಆಪರೇಷನ್ ಇಲ್ಲೇ ಶುರು ಮಾಡಿದೆ. ಈಗ ನಲವತ್ತು ಕಣ್ಣು ದಾಟಿರಬೇಕು. ಮುಕ್ಕಾಲು ಪಾಲು ಜನರಿಗೆ 6/12 (ಸರಿಯಾದ ಕಣ್ಣು 12 ಮೀಟರಿನಿಂದ ಓದುವ ಸಾಲನ್ನು 6 ಮೀಟರಿನಿಂದ ಓದುವಷ್ಟು) ಅಥವಾ ಇನ್ನೂ ಚೆನ್ನಾಗಿ ಕಾಣುತ್ತಿದೆ.

ಆಪರೇಷನ್ನಿಗೆ ಮೊದಲು ಮೂರು ತಿಂಗಳು ಕಣ್ಣಿನೊಳಗಿನ ನೀರಿನಲ್ಲಿ ಸೆಲ್ (ಉರಿಯೂತದ ಜೀವಕೋಶ) ಕಾಣಬಾರದು, ಅದರಲ್ಲಿ ರಾಜಿಯಿಲ್ಲ. ಹಳೇ ಉರಿಯೂತದ ಕಣ್ಣಿನಲ್ಲಿ ಫ್ಲೇರ್ (ಆ ನೀರಿಗೆ ಪ್ರೋಟೀನ್ ಸೋರಿ ಆಗುವ ಮಬ್ಬು) ಉಳಿದೇ ಉಳಿಯುತ್ತದೆ, ಅದಕ್ಕಾಗಿ ನಾನು ಕಾಯುವುದಿಲ್ಲ. “ಪಕ್ಕದ ಮನೆಯವರಿಗೆ ಒಂದೇ ದಿನಕ್ಕೆ ಮಾಡಿದ್ರಲ್ಲ ಡಾಕ್ಟ್ರೇ” ಎಂದು ರೇಗುವವರನ್ನು ಹಿಡಿದಿಟ್ಟುಕೊಳ್ಳುವುದೇ ಕಷ್ಟ. ಶುಗರ್, ಮಾಂಟೂ (ಟಿಬಿಗೆ ಚರ್ಮದಲ್ಲಿ ಮಾಡುವ ಪರೀಕ್ಷೆ), ಎದೆಯ ಎಕ್ಸ್‌ರೇ ನೋಡದೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ ಶುರು ಮಾಡುವುದಿಲ್ಲ. ನಮ್ಮಲ್ಲಿ ಟಿಬಿ ಎಲ್ಲಿ ಅಡಗಿರುತ್ತದೋ ಹೇಳಲಾಗದು.

ಮೊದಮೊದಲು ಮರುದಿನ ಚೆನ್ನಾಗಿ ಓದಿದವರು ತಿಂಗಳೊಳಗೆ 6/36ಕ್ಕೆ ಇಳಿಯುತ್ತಿದ್ದರು. ಓಸಿಟಿ (ಅಕ್ಷಿಪಟಲದ ಸ್ಕ್ಯಾನ್) ಮಾಡಿಸಿದರೆ ಮ್ಯಾಕುಲಾ, ಅಂದರೆ ಅಕ್ಷಿಪಟಲದ ನಡುಭಾಗ, ಊದಿರುತ್ತಿತ್ತು. ಸ್ಟೀರಾಯ್ಡ್ ಅನ್ನು ಆಪರೇಷನ್ನಿಗೆ ಮೊದಲೇ ಕೆಜಿಗೆ 1 ಮಿಗ್ರಾಂನಂತೆ ಕೊಟ್ಟು, ಆಮೇಲೆ ನಿಧಾನವಾಗಿ ಇಳಿಸತೊಡಗಿದ ಮೇಲೆ ಇದು ಬಹಳ ಕಡಿಮೆಯಾಯಿತು. ಶುಗರ್ ಇರುವವರಿಗೆ ಮಾತ್ರೆಯ ಬದಲು ಸಬ್‌ಟೆನಾನ್ ಟ್ರಯಾಮ್ಸಿನೊಲೋನ್ (ಕಣ್ಣುಗುಡ್ಡೆಯ ಪಕ್ಕಕ್ಕೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್) ಕೊಟ್ಟು ನೋಡಿದೆ. ಉರಿಯೂತ ಹತೋಟಿಯಲ್ಲಿತ್ತು, ಆದರೆ ಇಬ್ಬರಿಗೆ ಕಣ್ಣಿನ ಒತ್ತಡ 30 ದಾಟಿತು, ಈಗ ಆಯ್ದವರಿಗಷ್ಟೇ ಕೊಡುತ್ತೇನೆ. ವಿಕೆಎಚ್ (ಎರಡೂ ಕಣ್ಣಿಗೆ ಬರುವ ಒಂದು ಬಗೆಯ ಯುವಿಯೈಟಿಸ್) ಇದ್ದ ಒಬ್ಬಾಕೆಗೆ ಲೆನ್ಸ್ ಸೊಗಸಾಗಿ ಕೂತಿದ್ದರೂ ಬೆರಳೆಣಿಸುವಷ್ಟೇ ದೃಷ್ಟಿ. ಮ್ಯಾಕುಲಾದಲ್ಲಿ ಕಲೆಯಾಗಿತ್ತು. ಆ ಸಾಧ್ಯತೆಯನ್ನು ಮನೆಯವರಿಗೆ ಮೊದಲೇ ಹೇಳಿದ್ದೆ.

ಉರಿಯೂತದಿಂದ ಲೆನ್ಸಿಗೆ ಅಂಟಿದ ಪಾಪೆಯನ್ನು ಬಿಡಿಸಲು ವಿಸ್ಕೋ (ಅಂಟುದ್ರವ), ಸ್ಪ್ಯಾಚುಲಾ (ಚಪ್ಪಟೆ ಕಡ್ಡಿ) ಸಾಲದಿದ್ದರೆ ಪಾಪೆಯನ್ನು ಎಳೆದು ಹಿಡಿಯುವ ಐರಿಸ್ ಹುಕ್. ಸೆಟ್ಟಿಗೆ ಒಂದೂವರೆ ಸಾವಿರ. ಯೋಜನೆಯ ಪ್ಯಾಕೇಜಿನಲ್ಲಿ ಅದಕ್ಕೆ ದುಡ್ಡಿಲ್ಲ, ನಾನೇ ಹಾಕಿಕೊಂಡೆ. ಉಳಿತಾಯಕ್ಕೆಂದು ಎರಡು ಕೈಯಿಂದ ಪಾಪೆ ಹಿಗ್ಗಿಸಿಯೂ ನೋಡಿದೆ. ಅಂಚು ಹರಿದು, ರಕ್ತ ಜಿನುಗಿ, ಮರುದಿನ ಲೆನ್ಸಿನ ಮೇಲೆ ಫೈಬ್ರಿನ್ (ಉರಿಯೂತದ ಅಂಟು ಪದರ) ಹಾಸಿಕೊಂಡಿತ್ತು. ಹುಕ್ಕಿನ ದುಡ್ಡೇ ಮೇಲು. ಪಾಪೆಯ ಅಂಚಿಗೆ ಕಟ್ಟಿದ ತೆಳು ಪದರವನ್ನು ಎಲ್ಲಿ ಹಿಡಿದು ಸುಲಿಯುತ್ತೇನೆ ಎಂಬುದನ್ನು ಬರೆಯುವುದಿಲ್ಲ, ಥಿಯೇಟರಿಗೆ ಬಂದರೆ ತೋರಿಸುತ್ತೇನೆ. ಕೂರಿಸುವ ಕೃತಕ ಲೆನ್ಸ್ ಮಾತ್ರ ಹೈಡ್ರೋಫೋಬಿಕ್ (ನೀರು ಹೀರದ) ಅಕ್ರಿಲಿಕ್ಕೇ, ಹಳೇ ಲೆನ್ಸಿನ ಚೀಲದೊಳಗೇ.

ಫಕ್ಸ್ (ಸಣ್ಣಗೆ ಉಳಿದುಕೊಳ್ಳುವ ಒಂದು ಬಗೆಯ ಯುವಿಯೈಟಿಸ್) ಕಣ್ಣಿಗೆ ಮೂರು ತಿಂಗಳ ಈ ಲೆಕ್ಕ ಬೇಡ. ಅಲ್ಲಿ ಸೆಲ್ ಪೂರ್ತಿ ಹೋಗುವುದಿಲ್ಲ, ಸ್ಟೀರಾಯ್ಡ್ ಸುರಿದು ಪ್ರಯೋಜನವಿಲ್ಲ. ಆಪರೇಷನ್ನಿನ ಮೊದಲ ಚುಚ್ಚಿಗೆ ಕಣ್ಣಿನೊಳಗೆ ರಕ್ತದ ಎಳೆ ಇಳಿದರೆ ಗಾಬರಿಯಾಗದೆ ಮುಂದುವರಿಯಿರಿ. ಫಲಿತಾಂಶ ಇವರಲ್ಲೇ ಅತ್ಯುತ್ತಮ. ಕೀಲುವಾತದ ಜೊತೆ ಯುವಿಯೈಟಿಸ್ ಇರುವ ಮಕ್ಕಳನ್ನು ಮಾತ್ರ ಇಂದಿಗೂ ದೊಡ್ಡ ಆಸ್ಪತ್ರೆಗೇ ಕಳಿಸುತ್ತೇನೆ, ಜೊತೆಗೆ ಬಸ್ಸಿನ ದುಡ್ಡನ್ನೂ ಕೊಟ್ಟು.