ಹೊಳೆ ಏರುವ ಮೊದಲು: ವಿಕಲಚೇತನರೂ ಅವರ ಆರೈಕೆದಾರರೂ ಪ್ರವಾಹಕ್ಕೆ ಸಿದ್ಧರಾಗುವ ಬಗೆ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ದಂಡೆಯ ಊರುಗಳಿಗೆ ಪ್ರವಾಹ ಹೊಸದಲ್ಲ. 2009ರಲ್ಲಿ ಉತ್ತರ ಕರ್ನಾಟಕದ ಮಹಾಪೂರ ಸೆಪ್ಟೆಂಬರ್ ಕೊನೆಯಲ್ಲಿ ಬಂದರೆ, 2019ರಲ್ಲಿ ಆಗಸ್ಟ್ ಆರಂಭದಲ್ಲೇ ಬಂತು. ಆದರೆ ಗುಡ್ಡ ಕುಸಿತಕ್ಕಿಲ್ಲದ ಒಂದು ಗುಣ ಈ ಹೊಳೆಗಳಿಗಿದೆ. ಬಹಳಷ್ಟು ಸಲ ಅವು ಹೇಳಿಯೇ ಬರುತ್ತವೆ. ಕೊಯ್ನಾ ಜಲಾಶಯದಿಂದ ನೀರು ಬಿಟ್ಟ ಸುದ್ದಿಯಾಗಲಿ, ಹಿಡಕಲ್ ಮತ್ತು ನವಿಲುತೀರ್ಥ ಅಣೆಕಟ್ಟೆಗಳ ಹೊರಹರಿವಿನ ಪ್ರಕಟಣೆಯಾಗಲಿ, ಸಾಮಾನ್ಯವಾಗಿ ನೀರು ಊರಿಗೆ ಮುಟ್ಟುವುದಕ್ಕೆ ಮುಂಚೆಯೇ ನಮಗೆ ತಲುಪುತ್ತದೆ. ನಡೆಯಬಲ್ಲವರಿಗೆ ಅದು ಸಾಮಾನು ಕಟ್ಟಿಕೊಳ್ಳುವ ಹೊತ್ತು. ಗಾಲಿಕುರ್ಚಿಯಲ್ಲಿರುವವರಿಗೆ, ಹಾಸಿಗೆ ಹಿಡಿದವರಿಗೆ, ಕಣ್ಣು ಕಾಣದವರಿಗೆ ಸುರಕ್ಷಿತವಾಗಿ ಹೊರಡಲು ಇರುವ ಹೊತ್ತು ಅದೊಂದೇ. ಯೋಜನೆಯೆಲ್ಲ ಆ ಹೊತ್ತಿನ ಸುತ್ತಲೇ ಇರಬೇಕು.

ಮೊದಲು ತೀರ್ಮಾನಿಸಬೇಕಾದದ್ದು ಯಾವ ಘಳಿಗೆಯಲ್ಲಿ ಹೊರಡುವುದು ಎಂಬುದು. "ಎಲ್ಲರೂ ಹೊರಟಾಗ ನಾವೂ ಹೊರಡೋಣ" ಎಂಬ ಮಾತು ನನ್ನ ದೃಷ್ಟಿಯಲ್ಲಿ ಅತ್ಯಂತ ಅಪಾಯದ್ದು. ಆ ಹೊತ್ತಿಗೆ ಊರಿನ ಟ್ರ್ಯಾಕ್ಟರ್‌ಗಳೆಲ್ಲ ಕಾಳಿನ ಚೀಲ, ದನಕರು ಹೊತ್ತು ಓಡುತ್ತಿರುತ್ತವೆ, ರಸ್ತೆಯ ಮೇಲೆ ನೀರು ಬಂದಿರುತ್ತದೆ. ಇದರ ಬದಲು ಕಣ್ಣಿಗೆ ಕಾಣುವ ಒಂದು ಗುರುತನ್ನು ಇಟ್ಟುಕೊಳ್ಳಬೇಕು. ಊರ ಹಾದಿಯ ತಗ್ಗು ಸೇತುವೆಯ ಮೇಲೆ ನೀರು ಹರಿಯಲು ಇನ್ನೆರಡು ಅಡಿ ಉಳಿದಾಗ ಹೊರಡುವುದು ಎಂದೋ, ನದಿಪಾತ್ರದವರು ಎಚ್ಚರದಿಂದಿರಬೇಕೆಂಬ ಮೊದಲ ಪ್ರಕಟಣೆ ಬಂದ ದಿನವೇ ಹೊರಡುವುದು ಎಂದೋ ಬರೆದಿಟ್ಟುಕೊಳ್ಳಿ. ದನಕರುಗಳನ್ನು ಬಿಟ್ಟು ಇಡೀ ಮನೆ ಒಮ್ಮೆಲೇ ಹೊರಡಲಾರದು ಎಂಬುದು ನಿಜ. ಆದ್ದರಿಂದ ವಿಕಲಚೇತನ ವ್ಯಕ್ತಿಯೂ ಜೊತೆಗೊಬ್ಬರೂ ಮೊದಲು ಹೋಗುವುದು, ಉಳಿದವರು ದನಗಳೊಂದಿಗೆ ಹಿಂದಿನಿಂದ ಬರುವುದು ಎಂದು ಮುಂಗಾರಿಗೆ ಮೊದಲೇ ಮಾತಾಗಿರಲಿ. ಈ ಮಾತುಕತೆಯಲ್ಲಿ ಆ ವ್ಯಕ್ತಿಯೇ ಮುಖ್ಯವಾಗಿ ಮಾತನಾಡಬೇಕು. ತನ್ನನ್ನು ಯಾರು ಎತ್ತಬಹುದು, ಯಾರ ಮನೆಯಲ್ಲಿ ತನಗೆ ಸಂಕೋಚವಿಲ್ಲ, ಯಾವ ಶೌಚಾಲಯವನ್ನು ತಾನು ಬಳಸಬಲ್ಲೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ಎರಡನೆಯದು ಜನರ ಪ್ರಶ್ನೆ. ದಿನವೂ ಬಂದು ಸ್ನಾನ ಮಾಡಿಸುವ, ಔಷಧ ಕೊಡುವ ಆರೈಕೆದಾರರ ಮನೆಯೂ ಬಹುಶಃ ಅದೇ ಹೊಳೆಯ ದಂಡೆಯಲ್ಲಿರುತ್ತದೆ. ಅವರಿಗೂ ಮಕ್ಕಳಿರುತ್ತಾರೆ, ವಯಸ್ಸಾದ ತಾಯಿ ಇರುತ್ತಾರೆ. ಅವರು ಬಂದೇ ಬರುತ್ತಾರೆಂದು ನಂಬಿ ಕೂರುವುದು ಇಬ್ಬರಿಗೂ ಅನ್ಯಾಯ. ಆದ್ದರಿಂದ ಆರೈಕೆದಾರರೊಂದಿಗೆ ಮುಕ್ತವಾಗಿ ಕೇಳಿ: "ನೀರು ಬಂದ ದಿನ ನೀವು ಎಲ್ಲಿರುತ್ತೀರಿ? ನಿಮ್ಮ ಮನೆಯವರನ್ನು ಯಾರು ನೋಡಿಕೊಳ್ಳುತ್ತಾರೆ?" ಉತ್ತರ ಏನೇ ಇರಲಿ, ನಡೆದು ಬರುವಷ್ಟು ಹತ್ತಿರದ ಇನ್ನಿಬ್ಬರು ನೆರೆಹೊರೆಯವರಿಗೆ ಎತ್ತುವ, ಕೂರಿಸುವ, ಮಲಗಿಸುವ ಕ್ರಮವನ್ನು ಆರೈಕೆದಾರರೇ ಕಲಿಸಿಕೊಡಲಿ. ಮಾತಿನಲ್ಲಿ ಹೇಳಿದರೆ ಸಾಲದು, ಒಮ್ಮೆ ಕೈಯಾರೆ ಮಾಡಿಸಬೇಕು. ಬೇರೆ ಊರಿನ ನೆಂಟರೊಬ್ಬರು ಎಲ್ಲರಿಗೂ ಸುದ್ದಿ ಮುಟ್ಟಿಸುವ ಕೊಂಡಿಯಾಗಿರಲಿ.

ಆರೈಕೆದಾರರು ಇಲ್ಲದಾಗ ಅವರ ಬದಲು ಮಾತನಾಡುವಂಥ ಒಂದು ಹಾಳೆ ಬೇಕು. ಔಷಧಗಳ ಹೆಸರು, ಪ್ರಮಾಣ, ಹೊತ್ತು, ಆಗದ ಔಷಧ, ಹೇಗೆ ಊಟ ಮಾಡಿಸಬೇಕು, ನೋವಾದಾಗ ಆ ವ್ಯಕ್ತಿ ಅದನ್ನು ಹೇಗೆ ತೋರಿಸುತ್ತಾರೆ, ಎಲ್ಲಿ ಹಿಡಿದು ಎತ್ತಬಾರದು, ಇವೆಲ್ಲ ದೊಡ್ಡ ಅಕ್ಷರದಲ್ಲಿರಲಿ. ಒಂದು ಪ್ರತಿ ಚೀಲದಲ್ಲಿ, ಒಂದು ಗಾಲಿಕುರ್ಚಿಯ ಹಿಂಬದಿಯ ಪ್ಲಾಸ್ಟಿಕ್ ಕವರಿನಲ್ಲಿ, ಒಂದು ಫೋಟೋ ಆ ನೆಂಟರ ಫೋನಿನಲ್ಲಿರಲಿ.

ಬೆನ್ನುಹುರಿಯ ಗಾಯದಿಂದ ಸೊಂಟದ ಕೆಳಗೆ ಸ್ಪರ್ಶಜ್ಞಾನವಿಲ್ಲದವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು, ಏಕೆಂದರೆ ನೀರಿನಿಂದ ಪಾರಾಗಿ ಬಂದವರು ಹಾಸಿಗೆ ಹುಣ್ಣಿನಿಂದ ತಿಂಗಳುಗಟ್ಟಲೆ ನರಳಬಹುದು. ಅವರನ್ನು ನೆಲದ ಮೇಲೆ ಎಳೆಯಬಾರದು, ಟ್ರ್ಯಾಕ್ಟರ್ ಟ್ರೇಲರಿನ ಬರಿ ಹಲಗೆಯ ಮೇಲೆ ಕೂರಿಸಬಾರದು. ಕೂರುವ ದಿಂಬು ಅವರ ಜೊತೆಗೇ ಹೋಗಬೇಕು. ಒದ್ದೆ ಬಟ್ಟೆಯನ್ನು ಕೂಡಲೇ ಬದಲಿಸಿ, ಮಲಗಿರುವಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಚರ್ಮ ಕೆಂಪಾಗಿದೆಯೇ ಎಂದು ದಿನಕ್ಕೆರಡು ಸಲ ನೋಡಬೇಕು. ಮೂತ್ರದ ಕೊಳವೆ, ಚೀಲ, ಕೈಗವಸುಗಳು ಕನಿಷ್ಠ ಎರಡು ವಾರಕ್ಕಾಗುವಷ್ಟು ಇರಲಿ. ಬ್ಯಾಟರಿ ಗಾಲಿಕುರ್ಚಿಯ ಭಾರವನ್ನು ದೋಣಿಗೆ ಎತ್ತುವುದು ಕಷ್ಟ. ಮಡಚುವ ಹಗುರ ಕುರ್ಚಿಯೊಂದನ್ನು ಮುಂಗಾರಿಗೆ ಮೊದಲೇ ಹೊಂದಿಸಿಕೊಳ್ಳುವುದು ಒಳ್ಳೆಯದು.

ಫಿಟ್ಸ್ ಔಷಧವನ್ನು ಏಕಾಏಕಿ ನಿಲ್ಲಿಸುವುದು ಪ್ರಾಣಕ್ಕೇ ಕುತ್ತು ತರಬಹುದು. ಮಾನಸಿಕ ಆರೋಗ್ಯದ ಔಷಧಗಳನ್ನೂ ಹಾಗೆ ನಿಲ್ಲಿಸಬಾರದು. ಇವುಗಳ ಹೆಚ್ಚುವರಿ ದಾಸ್ತಾನಿಗೆ ವೈದ್ಯರ ಚೀಟಿಯನ್ನು ಮೇ ತಿಂಗಳಲ್ಲೇ ಬರೆಸಿಕೊಳ್ಳಿ. ಆಮ್ಲಜನಕದ ಯಂತ್ರ, ಗಾಳಿ ಹಾಸಿಗೆ ಬಳಸುವವರು ಕರೆಂಟ್ ಹೋಗುವುದು ಖಚಿತವೆಂದೇ ತಿಳಿದು ಯೋಜಿಸಬೇಕು; ಅವರ ಮಟ್ಟಿಗೆ ಸುರಕ್ಷಿತ ಜಾಗವೆಂದರೆ ಜನರೇಟರ್ ಇರುವ ಆಸ್ಪತ್ರೆ.

ಪಂಚಾಯಿತಿಯ ಧ್ವನಿವರ್ಧಕದ ಘೋಷಣೆ ಕಿವಿ ಕೇಳದವರಿಗೆ ತಲುಪುವುದಿಲ್ಲ ಎಂಬುದು ತೀರ ಸರಳ ಸಂಗತಿ, ಆದರೂ ಅದನ್ನೇ ಎಲ್ಲರೂ ಮರೆಯುತ್ತಾರೆ. ಮನೆಗೆ ಹೋಗಿ ಮುಟ್ಟಿ ಎಬ್ಬಿಸುವವರು ಯಾರೆಂದು ಹೆಸರಿಟ್ಟು ಗೊತ್ತುಮಾಡಿ. ರಾತ್ರಿ ಮಾತನಾಡುವಾಗ ಬ್ಯಾಟರಿಯ ಬೆಳಕು ಹೇಳುವವರ ಮುಖ ಮತ್ತು ಕೈಗಳ ಮೇಲೆ ಬೀಳಲಿ. ಕಣ್ಣು ಕಾಣದವರ ಕೈಯನ್ನಾಗಲಿ ಕೋಲನ್ನಾಗಲಿ ಹಿಡಿದು ಎಳೆಯಬಾರದು. ನಿಮ್ಮ ಮೊಣಕೈ ಮೇಲ್ಭಾಗವನ್ನು ಅವರೇ ಹಿಡಿದುಕೊಳ್ಳಲಿ. ಬೌದ್ಧಿಕ ಅಂಗವೈಕಲ್ಯ ಅಥವಾ ಆಟಿಸಂ ಇರುವವರಿಗೆ ಪ್ರವಾಹದಲ್ಲಿ ತಂಗಬೇಕಾದ ಶಾಲೆ, ಅಲ್ಲಿಗೆ ಹೋಗುವ ದಾರಿ, ವಾಹನ ಮೊದಲೇ ಪರಿಚಯವಾಗಿರಬೇಕು. ಬೇಸಿಗೆಯಲ್ಲಿ ಎರಡು ಸಲ ಅಲ್ಲಿಗೆ ಹೋಗಿ ಬುತ್ತಿ ಬಿಚ್ಚಿ ಉಂಡು ಬಂದರೆ, ಮಳೆಗಾಲದ ಗದ್ದಲದ ನಡುವೆ ಅದು ಗುರುತಿನ ಜಾಗವಾಗಿರುತ್ತದೆ.

ಪ್ರವಾಹದಿಂದ ಮನೆ ಬಿಟ್ಟವರು ತಂಗುವ ಕಾಳಜಿ ಕೇಂದ್ರಗಳು ಹೆಚ್ಚಾಗಿ ಶಾಲೆಗಳಲ್ಲೇ ನಡೆಯುತ್ತವೆ. ನಿಮ್ಮ ಊರಿಗೆ ಗೊತ್ತಾದ ಶಾಲೆಗೆ ಮೊದಲೇ ಹೋಗಿ ಮೆಟ್ಟಿಲೆಷ್ಟು, ಶೌಚಾಲಯದ ಬಾಗಿಲಲ್ಲಿ ಕುರ್ಚಿ ಹಿಡಿಯುತ್ತದೆಯೇ ಎಂದು ನೋಡಿ. ರ‍್ಯಾಂಪ್ ಇಲ್ಲದಿದ್ದರೆ ಹಲಗೆ, ಕಮೋಡ್ ಇಲ್ಲದಿದ್ದರೆ ನಡುವೆ ತೂತು ಮಾಡಿದ ಗಟ್ಟಿ ಪ್ಲಾಸ್ಟಿಕ್ ಕುರ್ಚಿ ಎಂದು ಅಲ್ಲಿಯೇ ಪರಿಹಾರ ಯೋಚಿಸಬಹುದು. ಇವನ್ನು ಕೇಳುವುದು ಭಿಕ್ಷೆಯಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 8ನೇ ಕಲಂ ವಿಪತ್ತಿನಲ್ಲಿ ಸಮಾನ ರಕ್ಷಣೆಯ ಹಕ್ಕನ್ನು ಕೊಟ್ಟಿದೆ. ಜಿಲ್ಲೆಯ ವಿಕಲಚೇತನರ ವಿವರಗಳ ದಾಖಲೆ ಇಟ್ಟು, ಅಪಾಯದ ಸೂಚನೆಯನ್ನು ಅವರಿಗೆ ಮುಟ್ಟಿಸುವ ಹೊಣೆಯನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ವಹಿಸಿದೆ. ನಿಮ್ಮ ಹೆಸರು ಆ ದಾಖಲೆಯಲ್ಲಿದೆಯೇ ಎಂದು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಲ್ಲಿ, ಅಂದರೆ ವಿಆರ್‌ಡಬ್ಲ್ಯು ಅವರಲ್ಲಿ ವಿಚಾರಿಸಿ. ಜಿಲ್ಲಾ ನಿಯಂತ್ರಣ ಕೊಠಡಿಯ 1077, ತುರ್ತು ಸೇವೆಯ 112, ಆಂಬುಲೆನ್ಸ್‌ನ 108 ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದಿಡಿ.

ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ), ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಿಂಚಣಿ ಆದೇಶದ ಪ್ರತಿಗಳು ನೀರು ಹೊಗದ ಕವರಿನಲ್ಲಿರಲಿ.

ಇಷ್ಟೆಲ್ಲವನ್ನು ಕಾರಹುಣ್ಣಿಮೆಯೊಳಗೆ ಮುಗಿಸಿ, ಮನೆಯಿಂದ ವಾಹನದವರೆಗೆ ಒಮ್ಮೆ ನಿಜವಾಗಿ ಹೊರಟು ನೋಡಿ. ಎಷ್ಟು ನಿಮಿಷ ಹಿಡಿಯಿತೆಂದು ಬರೆದುಕೊಳ್ಳಿ. 2009ರ ಪ್ರವಾಹ ಮಳೆಗಾಲದ ಕೊನೆಗೆ ಬಂದದ್ದನ್ನು ನೆನೆದು, ಚೀಲವನ್ನು ದೀಪಾವಳಿಯವರೆಗೂ ಬಿಚ್ಚಬೇಡಿ.

ನೀರು ಇಳಿದ ಮೇಲೆ ಮೊದಲು ಹೊರಟವರು ಮೊದಲು ಮರಳಬೇಕಿಲ್ಲ. ಅಂಗಳದ ರಾಡಿ ತೆಗೆದು, ಶೌಚಾಲಯ ಮತ್ತು ಹಾದಿ ತೊಳೆದು, ಗೋಡೆ ಗಟ್ಟಿಯಾಗಿದೆಯೆಂದು ನೋಡಿದ ಮೇಲೆ ಅವರನ್ನು ಕರೆತನ್ನಿ. ನೀರು ಹೊಕ್ಕ ಬ್ಯಾಟರಿ ಕುರ್ಚಿಯನ್ನು, ಅದು ಒಣಗಿದಂತೆ ಕಂಡರೂ, ಮೆಕ್ಯಾನಿಕ್ ನೋಡುವವರೆಗೆ ಚಾರ್ಜಿಗೆ ಹಾಕಬೇಡಿ.