ಗಾಡಿ ಹೀಟ್ ಆಗ್ತಿದ್ದರೆ ಮೊದಲು ಚಾಸಿ ನಂಬರ್ ನೋಡಿ

ಜಮಖಂಡಿಯಲ್ಲಿ ನನ್ನದೊಂದು ಸಣ್ಣ ಬೈಕ್ ಗ್ಯಾರೇಜ್ ಇದೆ. ಕಬ್ಬಿನ ಹಂಗಾಮು ಶುರುವಾದರೆ ಸಾಕು, "ಗಾಡಿ ಭಾಳ ಹೀಟ್ ಆಗಾಕತ್ತೈತ್ರಿ" ಅಂತ ಬರುವವರು ಜಾಸ್ತಿ. ಅದರಲ್ಲಿ ಮುಕ್ಕಾಲು ಪಾಲು ಕಂಪನಿಯ ತಪ್ಪಲ್ಲ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಆಮೆ ನಡಿಗೆಯಲ್ಲಿ ಹೋಗುವಾಗ ರೇಡಿಯೇಟರ್‌ಗೆ ಗಾಳಿ ಸಿಗುವುದಿಲ್ಲ. ರವದಿ (ಕಬ್ಬಿನ ಒಣ ಎಲೆ) ಚೂರು, ಧೂಳು ಬೇರೆ ಅದರ ಜಾಲಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಎಂಜಿನ್ ಪೂರ್ತಿ ಆರಿದ ಮೇಲೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಪ್ರೆಷರ್ ಪಂಪ್ ಬೇಡ, ಜಾಲಿ ಮಡಚಿಕೊಳ್ಳುತ್ತದೆ. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಕಡಿಮೆಯಾಯಿತು ಅಂತ ಬೋರ್ ನೀರು ಸುರಿಯುವವರೂ ಇದ್ದಾರೆ. ನಮ್ಮ ಕಡೆಯ ಗಡಸು ನೀರಿಗೆ ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ.

ಇದೆಲ್ಲ ಸರಿಯಿದ್ದೂ ಹೀಟ್ ಆಗ್ತಿದೆ, ನಿಂತಾಗ ಫ್ಯಾನ್ ತಿರುಗುತ್ತಿಲ್ಲ, ಕೂಲಂಟ್ ಪದೇ ಪದೇ ಇಳಿಯುತ್ತಿದೆ ಅಂದರೆ ನಾನು ಪಾನಾ ಹಿಡಿಯುವ ಮೊದಲು ಚಾಸಿ ನಂಬರ್ ಕೇಳುತ್ತೇನೆ. ಒಂದು ಬ್ಯಾಚಿನ ಫ್ಯಾನ್ ಮೋಟರ್, ಪಂಪ್, ಪೈಪ್ ಅಥವಾ ಸೀಲ್ ಕೆಟ್ಟದ್ದು ಅಂತ ಕಂಪನಿಯೇ ಒಪ್ಪಿಕೊಂಡು ರೀಕಾಲ್ ಮಾಡಿದ್ದರೆ, ಅಂದರೆ ಸರಿಮಾಡಿಕೊಡಲು ಆ ಗಾಡಿಗಳನ್ನು ವಾಪಸ್ ಕರೆದಿದ್ದರೆ, ಪಾರ್ಟೂ ಮಜೂರಿಯೂ ಪುಕ್ಕಟೆ. ವಾರಂಟಿ ಮುಗಿದಿದೆ ಅಂತ ಹಿಂಜರಿಯಬೇಡಿ. ಅಂಥ ಕೆಲಸಕ್ಕೆ ನನಗೆ ಯಾಕೆ ದುಡ್ಡು ಕೊಡಬೇಕು?

ಚಾಸಿ ನಂಬರ್ ಆರ್‌ಸಿಯಲ್ಲಿದೆ. ಗಾಡಿಯ ಮೇಲೆ ಸಾಮಾನ್ಯವಾಗಿ ಹ್ಯಾಂಡಲ್ ಕೆಳಗಿನ ಫ್ರೇಮ್ ಕೊಳವೆಯಲ್ಲಿ ಕೊರೆದಿರುತ್ತದೆ. ಗ್ರೀಸ್ ಒರೆಸಿ ಫೋಟೋ ತೆಗೆಯಿರಿ. ಒಟ್ಟು 17 ಅಕ್ಷರ, ಅಂಕಿ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬರುವುದೇ ಇಲ್ಲ. 'ಓ' ತರ ಕಂಡರೆ ಅದು ಸೊನ್ನೆ. ಟೈಪ್ ಮಾಡುವಾಗ ಜನ ಎಡವುವುದೇ ಇಲ್ಲಿ.

ಆ ನಂಬರನ್ನು ಕಂಪನಿಯ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಹಾಕಿ. ಅಂಥ ಪುಟ ಸಿಗದಿದ್ದರೆ ಕಂಪನಿಯ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ. ವಾಹನ ತಯಾರಕರ ಸಂಘ ಸಿಯಾಮ್‌ನ ವೆಬ್‌ಸೈಟಿನಲ್ಲೂ ರೀಕಾಲ್ ಪಟ್ಟಿ ಇದೆ. ಮಾಡೆಲ್ ಹೆಸರು ನೋಡಿ ಸುಮ್ನೆ ಗಾಬರಿಯಾಗಬೇಡಿ, ನಿರಾಳವಾಗಲೂ ಬೇಡಿ. 2023ರಲ್ಲಿ ಹೋಂಡಾ ಸುಮಾರು 2,000 ಸಿಬಿ300ಆರ್ ಗಾಡಿಗಳನ್ನು ವಾಪಸ್ ಕರೆಯಿತು. ಎಂಜಿನ್ ಕಾವಿಗೆ ಬಲಗಡೆ ಕವರಿನ ಸೀಲಿಂಗ್ ಪ್ಲಗ್ ಕಳಚಿ, ಬಿಸಿ ಆಯಿಲ್ ಸೋರುವ ಅಪಾಯವಿತ್ತು. ಕರೆದದ್ದು 2022ರ ಮಾಡೆಲ್ ಮಾತ್ರ.

ಸೆಕೆಂಡ್ ಹ್ಯಾಂಡ್ ಗಾಡಿಯವರು ಇದನ್ನು ತಪ್ಪದೆ ಮಾಡಬೇಕು. ನಮ್ಮಲ್ಲಿ ಎಷ್ಟೋ ಗಾಡಿ ಆರ್‌ಸಿಯಲ್ಲಿ ಹೆಸರು ಬದಲಾಗದೆ ಮೂರು ಕೈ ದಾಟಿರುತ್ತವೆ. ಕಂಪನಿಯ ಮೆಸೇಜ್ ಮೊದಲ ಮಾಲೀಕನ ಹಳೇ ನಂಬರಿಗೆ ಹೋಗಿ ಬಿದ್ದಿರುತ್ತದೆ. ಆದರೆ ರೀಕಾಲ್ ಇರುವುದು ಗಾಡಿಗೆ, ಮಾಲೀಕನಿಗಲ್ಲ.

ಸರ್ವಿಸ್ ಸೆಂಟರಿನಲ್ಲಿ ಜಾಬ್ ಕಾರ್ಡ್ (ಗಾಡಿಗೆ ಮಾಡುವ ಕೆಲಸ ಬರೆಯುವ ಚೀಟಿ) ಮೇಲೆ 'ರೀಕಾಲ್' ಅಂತಲೇ ಬರೆಸಿ. 'ಜನರಲ್ ಚೆಕಪ್' ಅಂತ ಬರೆದರೆ ಆಮೇಲೆ ಬಿಲ್ ಬರಬಹುದು. ಪಾರ್ಟ್ ಬಂದಿಲ್ಲ ಅಂದರೆ ಯಾವಾಗ ಬರುತ್ತದೆ ಅಂತ ಅದರ ಮೇಲೇ ಬರೆಸಿಕೊಳ್ಳಿ. ಅಲ್ಲಿಯವರೆಗೆ ವಿಜಯಪುರಕ್ಕೋ ಬೆಳಗಾವಿಗೋ ಬಸ್ಸಿನಲ್ಲಿ ಹೋಗಿ. ಊರೊಳಗೆ ಓಡಿಸುವಾಗ ಹೀಟ್ ಲೈಟ್ ಹತ್ತಿದರೆ ಗಾಡಿ ಬದಿಗೆ ಹಾಕಿ ಆಫ್ ಮಾಡಿ. ರೇಡಿಯೇಟರ್ ಮುಚ್ಚಳ ಮಾತ್ರ ಬಿಚ್ಚಬೇಡಿ. ಒತ್ತಡದಲ್ಲಿರುವ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲವಾದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ.

ರೀಕಾಲ್ ಇಲ್ಲ, ಆದರೂ ಇದು ತಯಾರಿಕೆಯದೇ ದೋಷ ಅನ್ನಿಸಿದರೆ? 2019ರ ಮೋಟಾರು ವಾಹನ ತಿದ್ದುಪಡಿಯ 110ಎ ಕಲಮಿನಡಿ ಸರ್ಕಾರವೇ ರೀಕಾಲ್‌ಗೆ ಆದೇಶ ಕೊಡಬಹುದು. ಇದರ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಗಾಡಿ ತಯಾರಾಗಿ ಏಳು ವರ್ಷದೊಳಗಿದ್ದರೆ ಸಾರಿಗೆ ಇಲಾಖೆಯ ವಾಹನ್ ಪೋರ್ಟಲ್‌ನಲ್ಲಿ ದೂರು ಹಾಕಿ. ಒಬ್ಬರ ದೂರಿಗೆ ರೀಕಾಲ್ ಆಗುವುದಿಲ್ಲ, ಹಲವರದು ಸೇರಬೇಕು. ಅದೇ ಮಾಡೆಲ್ ಇಟ್ಟ ಗೆಳೆಯರಿಗೂ ಹೇಳಿ. ರೀಕಾಲ್ ಇದ್ದೂ ಸರ್ವಿಸ್ ಸೆಂಟರಿನವರು ದುಡ್ಡು ಕೇಳಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಆಗ ಜಾಬ್ ಕಾರ್ಡ್ ಕೈಯಲ್ಲಿರಲಿ.